ಚಿಕ್ಕಮ್ಮ, ನಾವು, ಅಪ್ಪನ ಆಸ್ತಿ: ಪಾಲಿನ ಲೆಕ್ಕ ಹಾಕುವುದು ಹೇಗೆ

ಅಪ್ಪ ತೀರಿಕೊಂಡ ಹದಿನೈದು ದಿನಕ್ಕೆ ನಮ್ಮ ಮನೆಯಲ್ಲಿ ಮೊದಲ ಜಗಳ ಆಗಿದ್ದು ಬೀರುವಿನ ಕೀಗೆ. ಕೀ ಚಿಕ್ಕಮ್ಮನ, ಅಂದರೆ ನಮ್ಮ ಮಲತಾಯಿಯ, ಸೆರಗಿನ ಗಂಟಿನಲ್ಲಿತ್ತು. ತಮ್ಮ ಕೇಳಿದ, ಅವರು ಕೊಡಲಿಲ್ಲ. "ನಿಮ್ಮಪ್ಪ ನನ್ನ ಕೈಗೆ ಕೊಟ್ಟಿದ್ದು" ಅಂದರು. "ನಮ್ಮಮ್ಮನ ಬಳೆ ಅದರೊಳಗಿದೆ" ಅಂತ ಇವನು. ಇಬ್ಬರಿಗೂ ಸ್ವಲ್ಪ ತಡೀರಿ ಅನ್ನಬೇಕಾದವಳು ನಾನು. ಅನ್ನಲಿಲ್ಲ. ಆ ಕೀ ನಾಲ್ಕು ವರ್ಷ ತಿಂದಿತು.

ನಾನು ವಕೀಲೆ ಅಲ್ಲ. ಲೆಕ್ಕಪತ್ರ ಶಾಖೆಯಲ್ಲಿ ಕೂತು ನಿವೃತ್ತಿ ಆದವಳು. ಅಮ್ಮ ಹೋದಾಗ ನನಗೆ ಒಂಬತ್ತು, ತಮ್ಮನಿಗೆ ಐದು. ಎರಡು ವರ್ಷದ ಮೇಲೆ ಚಿಕ್ಕಮ್ಮ ಬಂದರು. ಅಪ್ಪನಿಗೂ ಅವರಿಗೂ ಒಬ್ಬ ಮಗ. ಅವನನ್ನು ನಾವು ಈಗಲೂ ಚಿಕ್ಕೋನು ಅಂತಲೇ ಕರೆಯುವುದು. ಜೊತೆಗೆ ಅಪ್ಪನ ಅಮ್ಮ, ಅಂದರೆ ಅಜ್ಜಿ. ಇಷ್ಟು ಜನ, ಒಂದು ಮನೆ, ಒಂದು ಎಫ್‌ಡಿ, ಸ್ವಲ್ಪ ಚಿನ್ನ. ಉಯಿಲು ಇರಲಿಲ್ಲ. ಕೆಳಗೆ ಬರೆದಿರುವುದು ಕರ್ನಾಟಕದ ಒಂದು ಹಿಂದೂ ಕುಟುಂಬದ ಲೆಕ್ಕ. ಮುಸ್ಲಿಮರಿಗೆ, ಕ್ರೈಸ್ತರಿಗೆ ಪಾಲಿನ ನಿಯಮ ಬೇರೆ. ಕ್ರೈಸ್ತರಲ್ಲಿ ಗಂಡ ಉಯಿಲು ಇಲ್ಲದೆ ಹೋದರೆ ಹೆಂಡತಿಗೆ ಮೂರನೇ ಒಂದು ಭಾಗ, ಮಕ್ಕಳಿಗೆ ಉಳಿದ ಎರಡು. ಮುಸ್ಲಿಮರಲ್ಲಿ ಮಕ್ಕಳಿದ್ದರೆ ಹೆಂಡತಿಗೆ ಎಂಟನೇ ಒಂದು.

ಮೊದಲ ಹಾಳೆ: ಯಾರ್ಯಾರು

ಒಂದು ಹಾಳೆ ತಗೊಂಡು ಹೋದವರ ವಾರಸುದಾರರ ಹೆಸರನ್ನೆಲ್ಲ ಬರೆಯಿರಿ. ಕೋಪ ಇರುವವರ ಹೆಸರನ್ನು ಮೊದಲು ಬರೆಯಿರಿ, ಅದೇ ಬಿಟ್ಟುಹೋಗುವುದು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಗಂಡಸು ಉಯಿಲು ಬರೆಯದೆ ಹೋದರೆ ಹೆಂಡತಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು, ತಾಯಿ, ಎಲ್ಲರಿಗೂ ಒಂದೊಂದು ಸಮ ಪಾಲು. ಮೊದಲ ಹೆಂಡತಿಯ ಮಕ್ಕಳು, ಎರಡನೆಯವರ ಮಕ್ಕಳು ಅನ್ನುವ ಭೇದ ಇಲ್ಲ. ಮದುವೆಯಾಗಿ ಹೋದ ಮಗಳು ಅಂತ ಕಡಿಮೆಯೂ ಇಲ್ಲ. ದತ್ತು ತಗೊಂಡ ಮಗುವೂ ಮಗುವೇ. ಮಕ್ಕಳಲ್ಲಿ ಯಾರಾದರೂ ಮೊದಲೇ ತೀರಿಕೊಂಡಿದ್ದರೆ ಅವರ ಕುಟುಂಬಕ್ಕೆ ಆ ಪಾಲು ಇಳಿಯುತ್ತದೆ.

ನಮ್ಮಲ್ಲಿ ಐದು ಪಾಲು: ಚಿಕ್ಕಮ್ಮ, ನಾನು, ತಮ್ಮ, ಚಿಕ್ಕೋನು, ಅಜ್ಜಿ. ಅಜ್ಜಿಯನ್ನು ಎಲ್ಲರೂ ಮರೆತಿದ್ದೆವು. ಮೂಲೆಯಲ್ಲಿ ಹತ್ತಿ ಬತ್ತಿ ಹೊಸೆಯುತ್ತ ಕೂತಿದ್ದ ಅವರಿಗೆ ಮಗನ ಮನೆಯಲ್ಲಿ ಐದನೇ ಒಂದು ಭಾಗ ಇದೆ ಅಂತ ಹೇಳಿದಾಗ "ನನಗ್ಯಾಕೋ ಅದು" ಅಂದರು. ಬೇಕೋ ಬೇಡವೋ, ಕಾಗದದಲ್ಲಿ ಇರಲೇಬೇಕು.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ಹೆಂಡತಿ ತನ್ನ ಹಿಂದಿನ ಮದುವೆಯ ಮಗುವನ್ನು ಕರಕೊಂಡು ಬಂದಿದ್ದರೆ, ಮಲತಂದೆ ಎಷ್ಟೇ ಪ್ರೀತಿಯಿಂದ ಸಾಕಿದ್ದರೂ ಆ ಮಗುವಿಗೆ ಅವರ ಆಸ್ತಿಯಲ್ಲಿ ತಾನಾಗಿ ಪಾಲು ಬರುವುದಿಲ್ಲ. ಉಯಿಲು ಬರೆದಿರಬೇಕು, ದಾನಪತ್ರ ಮಾಡಿರಬೇಕು, ಇಲ್ಲವೇ ಕಾನೂನು ಪ್ರಕಾರ ದತ್ತು ಆಗಿರಬೇಕು. ಶಾಲೆಯ ದಾಖಲೆಯಲ್ಲಿ ತಂದೆ ಅಂತ ಅವರ ಹೆಸರು ಹಾಕಿಸಿದ್ದು ಸಾಲದು. ಇನ್ನೊಂದು, ಮೊದಲ ಹೆಂಡತಿ ಬದುಕಿದ್ದು ಡೈವೋರ್ಸ್ ಆಗದೆ ಎರಡನೇ ಮದುವೆ ಆಗಿದ್ದರೆ ಆ ಮದುವೆ ಕಾನೂನಿನ ಮುಂದೆ ಮದುವೆಯೇ ಅಲ್ಲ, ಆಕೆಗೆ ಹೆಂಡತಿಯ ಪಾಲು ಇಲ್ಲ. ಆದರೆ ಆಕೆಯ ಮಕ್ಕಳಿಗೆ ಅಪ್ಪನ ಪಾಲಿನಲ್ಲಿ ಪಾಲು ಉಂಟು. ಪಿತ್ರಾರ್ಜಿತದಲ್ಲೂ ಅಪ್ಪನ ಭಾಗಕ್ಕೆ ಬರುವಷ್ಟರಲ್ಲಿ ಅವರಿಗೆ ಹಕ್ಕಿದೆ ಅಂತ ಸುಪ್ರೀಂ ಕೋರ್ಟು 2023ರ ಸೆಪ್ಟೆಂಬರಿನಲ್ಲಿ ಹೇಳಿತು. ಅದು ನಮ್ಮ ಕರ್ನಾಟಕದಿಂದಲೇ ಹೋಗಿದ್ದ ಕೇಸು.

ನಮ್ಮ ತಪ್ಪು ಈ ಹಾಳೆಯಲ್ಲೇ ಆಯಿತು. ತಮ್ಮ ವಂಶವೃಕ್ಷಕ್ಕೆ ಅರ್ಜಿ ಹಾಕುವಾಗ ಅಪ್ಪ, ನಮ್ಮಮ್ಮ, ನಾವಿಬ್ಬರು, ಇಷ್ಟೇ ಬರೆದಿದ್ದ. ಅಫಿಡವಿಟ್ ಮುಂದಿಟ್ಟ. ನಾನು ಓದದೆ ಸುಮ್ನೆ ಸಹಿ ಹಾಕಿದೆ. ಮೂವತ್ತು ವರ್ಷ ಬೇರೆಯವರ ವೋಚರ್ ಓದದೆ ಪಾಸ್ ಮಾಡಿದವಳಲ್ಲ ನಾನು, ನನ್ನದೇ ಮನೆ ಕಾಗದ ಓದಲಿಲ್ಲ. ಮಹಜರಿಗೆ ಬಂದವರು ಪಕ್ಕದ ಮನೆಯವರನ್ನು ಕೇಳಿದರು. "ಇನ್ನೊಬ್ಬರು ಹೆಂಡತಿ ಇದ್ದಾರಲ್ವಾ, ಒಳಗೇ ಇದ್ದಾರೆ ನೋಡಿ" ಅಂದರಂತೆ ಅವರು. ಅರ್ಜಿ ವಾಪಸ್. ಚಿಕ್ಕಮ್ಮ ತಕರಾರು ಅರ್ಜಿ ಕೊಟ್ಟರು. ಅವತ್ತಿನಿಂದ ನಮ್ಮ ಮಾತನ್ನು ಅವರು ನಂಬಲಿಲ್ಲ, ನಂಬಬೇಕಾಗಿಯೂ ಇರಲಿಲ್ಲ. ಸುಳ್ಳು ಅಫಿಡವಿಟ್ ಅಪರಾಧ ಅನ್ನುವುದು ಹಾಗಿರಲಿ, ವಿಶ್ವಾಸ ಹೋಗಿದ್ದಕ್ಕೆ ನಾವು ತೆತ್ತಿದ್ದೇ ಜಾಸ್ತಿ.

ಎರಡನೇ ಹಾಳೆ: ಏನೇನು

ಇದನ್ನು ಮೂರು ಕಾಲಂ ಮಾಡಿ ಬರೆಯಿರಿ. ವಸ್ತು, ಯಾರ ಹೆಸರಲ್ಲಿದೆ, ಎಲ್ಲಿಂದ ಬಂತು. ಮೂರನೇ ಕಾಲಂ ತುಂಬುವಷ್ಟರಲ್ಲಿ ಅರ್ಧ ಜಗಳ ತಣ್ಣಗಾಗುತ್ತದೆ. ಉಳಿದರ್ಧಕ್ಕೆ ಯಾವುದರ ಜಗಳ ಅನ್ನುವುದಾದರೂ ಗೊತ್ತಾಗುತ್ತದೆ.

ಮನೆ ಅಪ್ಪ ಸಂಬಳದಲ್ಲಿ ಕಟ್ಟಿದ್ದು, ಅವರ ಹೆಸರಲ್ಲೇ ಇತ್ತು. ಹಾಗಾಗಿ ಪೂರ್ತಿ ಐದು ಪಾಲು. ಗಂಡ ಹೆಂಡತಿ ಜಂಟಿಯಾಗಿ ಕೊಂಡಿದ್ದರೆ ಆಕೆಯ ಭಾಗ ಆಕೆಯದೇ, ಗಂಡನ ಭಾಗ ಮಾತ್ರ ಹಂಚಿಕೆಗೆ. ಪಿತ್ರಾರ್ಜಿತ ಜಮೀನಿದ್ದರೆ ಲೆಕ್ಕ ಬೇರೆ. ಅಲ್ಲಿ ಗಂಡು ಹೆಣ್ಣು ಎಲ್ಲ ಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು, ಆದ್ದರಿಂದ ಅಪ್ಪನ ಭಾಗಕ್ಕೆ ಎಷ್ಟು ಬರುತ್ತದೋ ಅಷ್ಟನ್ನು ಮಾತ್ರ ವಾರಸುದಾರರಿಗೆ ಹಂಚುತ್ತಾರೆ. ಆದರೆ ತಾತನಿಂದ ಬಂದಿದ್ದೆಲ್ಲ ಪಿತ್ರಾರ್ಜಿತ ಅಲ್ಲ. 1956ರ ಕಾಯ್ದೆ ಬಂದ ಮೇಲೆ ತಾತ ತೀರಿಕೊಂಡು, ಅವರ ಸ್ವಂತ ಗಳಿಕೆಯಲ್ಲಿ ಅಪ್ಪನಿಗೆ ಬಂದ ಪಾಲು ಅಪ್ಪನ ಸ್ವಂತದ್ದೇ. ಇದು 1986ರಿಂದ ಸುಪ್ರೀಂ ಕೋರ್ಟಿನ ಮಾತು. ಈ ಒಂದು ಸಾಲು ಗೊತ್ತಿಲ್ಲದೆ ಎಷ್ಟೋ ಮನೆಯಲ್ಲಿ ತಪ್ಪು ಪಾಲು ಹಿಡಿದುಕೊಂಡು ಕೂತಿರುತ್ತಾರೆ.

ಎಫ್‌ಡಿಗೆ ಚಿಕ್ಕಮ್ಮ ನಾಮಿನಿ. ಬ್ಯಾಂಕು ಅವರ ಕೈಗೇ ಕೊಟ್ಟಿತು, ಅದು ಸರಿಯೇ. ತಮ್ಮ "ನುಂಗಿಬಿಟ್ಟರು" ಅಂದ. ಚಿಕ್ಕಮ್ಮ "ನನ್ನ ಹೆಸರು ಬರೆದಿದ್ದಾರೆ, ನನ್ನದೇ" ಅಂದರು. ಇಬ್ಬರೂ ತಪ್ಪು. ನಾಮಿನಿ ಅಂದರೆ ಹಣ ಪಡೆದುಕೊಳ್ಳುವ ಕೈ, ಮಾಲೀಕರಲ್ಲ. ಪಡೆದದ್ದನ್ನು ವಾರಸುದಾರರಿಗೆ ಲೆಕ್ಕ ಕೊಡಬೇಕು. ಷೇರುಗಳಿಗೂ ಇದೇ ಮಾತು ಅಂತ 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಖಚಿತ ಮಾಡಿದೆ. ಜೀವ ವಿಮೆ ಮಾತ್ರ ಸ್ವಲ್ಪ ಗೋಜಲು. 2015ರ ತಿದ್ದುಪಡಿಯಲ್ಲಿ ಹೆಂಡತಿ, ಮಕ್ಕಳು, ತಂದೆ ತಾಯಿ ನಾಮಿನಿ ಆಗಿದ್ದರೆ ಹಣ ಅವರಿಗೇ ಸೇರುತ್ತದೆ ಅನ್ನುವ ಮಾತು ಸೇರಿದೆ. ಬೇರೆ ವಾರಸುದಾರರು ಕೇಳಿದಾಗ ಅದು ಎಷ್ಟು ನಿಲ್ಲುತ್ತದೆ ಅನ್ನುವುದರಲ್ಲಿ ಹೈಕೋರ್ಟುಗಳದ್ದು ಒಂದೇ ಮಾತಿಲ್ಲ. ನಾಮಿನಿಯೇ ಇಲ್ಲದ ಹಣಕ್ಕೆ ಸಿವಿಲ್ ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರ ಕೇಳಬಹುದು.

ಕುಟುಂಬ ಪಿಂಚಣಿಯನ್ನು ಹಾಳೆಗೆ ಸೇರಿಸಬೇಡಿ. ಅದು ಹೋದವರ ಆಸ್ತಿ ಅಲ್ಲ, ಪಿಂಚಣಿ ನಿಯಮ ಯಾರಿಗೆ ಅನ್ನುತ್ತದೋ ಅವರಿಗೆ.

ಇನ್ನು ಬಳೆ. ಅಮ್ಮನ ಎರಡು ಜೊತೆ ಬಳೆ ಅಮ್ಮನ ಸ್ವಂತದ್ದು. ಅವರು ಹೋದ ದಿನ ಅದು ನನಗೆ, ತಮ್ಮನಿಗೆ, ಅಪ್ಪನಿಗೆ ಮೂರು ಪಾಲು ಆಯಿತು. ಅಪ್ಪನ ಮೂರನೇ ಒಂದು ಪಾಲು ಅಪ್ಪ ಹೋದಾಗ ಮತ್ತೆ ಐದಾಯಿತು. ಅಂದರೆ ನಮ್ಮಮ್ಮನ ಬಳೆಯಲ್ಲಿ ಚಿಕ್ಕಮ್ಮನಿಗೂ ಹದಿನೈದನೇ ಒಂದು! ನಾನು ಈ ಲೆಕ್ಕ ಹೇಳಿದಾಗ ಚಿಕ್ಕಮ್ಮ ಮೊದಲ ಸಲ ನಕ್ಕರು. ಬಳೆ ತಂದು ನನ್ನ ಮುಂದೆ ಇಟ್ಟರು. ಬೀರುವಿನಲ್ಲಿ ಬೇರೇನೂ ವಿಶೇಷ ಇರಲಿಲ್ಲ. ಅಪ್ಪನ ಒಂದು ಕೋಟು, ತೆರಿಗೆ ರಸೀದಿ, ನಮ್ಮ ಮೂವರ ಮಾರ್ಕ್ಸ್ ಕಾರ್ಡು.

ಉಯಿಲು ಇದೆ ಅಂದರೆ

ಅಪ್ಪ ತಮ್ಮ ಸ್ವಂತದ್ದನ್ನೂ, ಪಿತ್ರಾರ್ಜಿತದಲ್ಲಿ ತಮ್ಮ ಭಾಗವನ್ನೂ ಯಾರಿಗೆ ಬೇಕಾದರೂ ಬರೆಯಬಹುದು. ಪೂರ್ತಿ ಹೆಂಡತಿಗೆ ಬರೆದಿದ್ದರೂ ಮಕ್ಕಳು "ಅನ್ಯಾಯ" ಅಂದ ಮಾತ್ರಕ್ಕೆ ಬೀಳುವುದಿಲ್ಲ. ನೋಡಬೇಕಾದ್ದು ಬೇರೆ. ಇಬ್ಬರು ಸಾಕ್ಷಿ ಸಹಿ ಇದೆಯಾ? ಬರೆದಾಗ ಅವರು ಯಾವ ಸ್ಥಿತಿಯಲ್ಲಿದ್ದರು? ಲಾಭ ಪಡೆಯುವವರೇ ಮುಂದೆ ನಿಂತು ಬರೆಸಿದರಾ? ಅನುಮಾನ ಹುಟ್ಟಿಸುವ ಸಂಗತಿ ಇದ್ದರೆ ಅದನ್ನು ತೊಡೆಯುವ ಹೊರೆ ಉಯಿಲು ಮುಂದಿಟ್ಟವರ ಮೇಲೆ. ಹಿಂದಿನ ಮೈಸೂರಿನ ಒಂದು ಉಯಿಲಿನ ಕೇಸಿನಲ್ಲಿ 1958ರಲ್ಲೇ ಸುಪ್ರೀಂ ಕೋರ್ಟು ಇದನ್ನು ಹೇಳಿದೆ, ವಕೀಲರು ಇವತ್ತಿಗೂ ಅದನ್ನೇ ಎತ್ತುತ್ತಾರೆ.

ಉಯಿಲು ನೋಂದಣಿ ಕಡ್ಡಾಯ ಅಲ್ಲ. ಆದರೆ ನೋಂದಣಿ ಆಗಿದ್ದರೆ ನಿಮಗೊಂದು ಅನುಕೂಲ ಇದೆ. ಬರೆದವರು ತೀರಿಕೊಂಡ ಮೇಲೆ ಯಾರು ಅರ್ಜಿ ಕೊಟ್ಟರೂ ಉಪನೋಂದಣಿ ಕಚೇರಿಯಲ್ಲಿ ಅದರ ದೃಢೀಕೃತ ನಕಲು ಸಿಗುತ್ತದೆ. "ಉಯಿಲು ಇದೆ, ಟೈಮ್ ಬಂದಾಗ ತೋರಿಸ್ತೀನಿ" ಅನ್ನುವ ಮಾತಿಗೆ ಹೆದರಿಕೊಂಡು ಕೂರಬೇಡಿ.

ಮೊದಲ ಮೂರು ತಿಂಗಳು

ಮರಣ ಪ್ರಮಾಣಪತ್ರದ ಹತ್ತು ಪ್ರತಿ ತಗೊಳ್ಳಿ. ಮನೆಯ ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲೇ ಸಿಗುತ್ತದೆ. ಅಪ್ಪನ ಎಟಿಎಂ ಕಾರ್ಡಿನಿಂದ ಯಾರೂ ದುಡ್ಡು ತೆಗೆಯಬೇಡಿ, ಆಸ್ಪತ್ರೆ ಬಿಲ್ಲಿಗೆ ಅಂದರೂ ಬೇಡ. ಆಮೇಲೆ ಆ ಒಂದು ಸಾಲೇ ಸ್ಟೇಟ್‌ಮೆಂಟಿನಲ್ಲಿ ಎದ್ದು ನಿಲ್ಲುತ್ತದೆ. ಬೀಗ ಬದಲಿಸಬೇಡಿ. ಮಲತಾಯಿ ಅಲ್ಲಿ ವಾಸ ಇದ್ದಾರೆ, ಅವರೂ ಪಾಲುದಾರರು, ಅವರನ್ನು ಎತ್ತಿ ಹೊರಗೆ ಹಾಕುವ ಹಕ್ಕು ಯಾರಿಗೂ ಇಲ್ಲ. ಅವರು ನಿಮ್ಮನ್ನು ಬಾಗಿಲಲ್ಲೇ ನಿಲ್ಲಿಸುವ ಹಾಗೂ ಇಲ್ಲ.

ಖಾತೆ ಒಬ್ಬರ ಹೆಸರಿಗೆ ಹೋಗಿಬಿಟ್ಟರೆ ಎಲ್ಲ ಹೋಯಿತು ಅಂತ ಜನ ಎದೆ ಬಡಿದುಕೊಳ್ಳುತ್ತಾರೆ. ಖಾತೆ, ಪಹಣಿ ತೆರಿಗೆ ಕಟ್ಟಲಿಕ್ಕೆ ಇರುವ ದಾಖಲೆ, ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲ. ಹಾಗಂತ ಸುಮ್ಮನಿರಬೇಡಿ. ಒಬ್ಬರೇ ಪೌತಿ ಖಾತೆಗೆ, ಅಂದರೆ ಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಲು, ಅರ್ಜಿ ಹಾಕಿದ್ದು ಗೊತ್ತಾದ ಕೂಡಲೇ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ತಗೊಳ್ಳಿ. ಈ ಹೊತ್ತಿನಲ್ಲಿ ಯಾರಾದರೂ "ಒಂದು ಸಹಿ ಅಷ್ಟೇ, ಖಾತೆಗೆ" ಅಂತ ಹಕ್ಕು ಬಿಡುಗಡೆ ಪತ್ರ, ಅಂದರೆ ನಿಮ್ಮ ಪಾಲನ್ನು ಬಿಟ್ಟುಕೊಡುವ ಪತ್ರ, ತಂದರೆ ಮನೆಗೆ ತಗೊಂಡು ಹೋಗಿ ಓದಿ. ನನ್ನ ಕಥೆ ಗೊತ್ತಲ್ಲ.

ಮಕ್ಕಳು ಚಿಕ್ಕವರಿದ್ದರೆ ಇನ್ನೊಂದು ವಿಷಯ. 1956ರ ಅಪ್ರಾಪ್ತ ವಯಸ್ಕರ ಪೋಷಕತ್ವ ಕಾಯ್ದೆಯಲ್ಲಿ ತಾಯಿ ಅಂದರೆ ಮಲತಾಯಿ ಸೇರುವುದಿಲ್ಲ, ತಂದೆ ಅಂದರೆ ಮಲತಂದೆ ಸೇರುವುದಿಲ್ಲ. ಅವರು ಸಹಜ ಪೋಷಕರಲ್ಲ. ಕೋರ್ಟು ನೇಮಿಸದೆ ಮಗುವಿನ ಪಾಲಿನ ಮನೆ, ಜಮೀನು ಮಾರುವ ಅಧಿಕಾರ ಅವರಿಗಿಲ್ಲ. ಅಜ್ಜಿಯೋ ಮಾವನೋ ಇದ್ದರೆ ಕೋರ್ಟಿಗೆ ಅರ್ಜಿ ಹಾಕಬಹುದು.

ಎರಡನೇ ಸಾವಿನ ಲೆಕ್ಕ

ನಾನು ಇದನ್ನೆಲ್ಲ ಬರೆಯಲು ಕೂತಿದ್ದೇ ಈ ಭಾಗಕ್ಕೆ. ಮಕ್ಕಳಿಗೆ ಮಲತಾಯಿಗೆ ಹೋಗುವ ಪಾಲಿನ ಮೇಲೆ ಅಷ್ಟು ಹೊಟ್ಟೆಕಿಚ್ಚು ಇರುವುದಿಲ್ಲ. ಅವರು ಹೋದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಅನ್ನುವ ಭಯ ಇರುತ್ತದೆ. ಆ ಭಯವನ್ನು ಬಾಯಿಬಿಟ್ಟು ಹೇಳಲು ಆಗುವುದಿಲ್ಲ. ಬದುಕಿರುವವರ ಮುಂದೆ ನೀವು ಸತ್ತ ಮೇಲೆ ಅಂತ ಹೇಗೆ ಕೇಳುವುದು? ಹಾಗಾಗಿ ಅದು ಬೀರುವಿನ ಕೀ ಆಗಿ ಹೊರಗೆ ಬರುತ್ತದೆ.

ವಿಧವೆಗೆ ಬಂದ ಪಾಲು ಪೂರ್ತಿ ಆಕೆಯದು. ಮಾರಬಹುದು, ಯಾರಿಗಾದರೂ ಬರೆಯಬಹುದು. ಮರುಮದುವೆ ಆದರೂ ಅದು ಕೈತಪ್ಪುವುದಿಲ್ಲ. ಆಕೆ ಉಯಿಲು ಬರೆಯದೆ ಹೋದರೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಗೆ ಹೋಗುತ್ತದೆ. ಅಲ್ಲಿ ಮಕ್ಕಳು ಅಂದರೆ ಮಲಮಕ್ಕಳು ಸೇರುವುದಿಲ್ಲ ಅಂತ 1987ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆಕೆಗೆ ಸ್ವಂತ ಮಕ್ಕಳಾಗಲಿ ಅವರ ಮಕ್ಕಳಾಗಲಿ ಇಲ್ಲದಿದ್ದರೆ, ಗಂಡನಿಂದ ಬಂದ ಆಸ್ತಿ ತಿರುಗಿ ಗಂಡನ ವಾರಸುದಾರರಿಗೆ, ಅಂದರೆ ಮಲಮಕ್ಕಳಿಗೇ, ಬರುತ್ತದೆ. ಆಕೆಯ ತವರಿನವರಿಗೆ ಅಲ್ಲ. ಮಕ್ಕಳಿಲ್ಲದ ಮಲತಾಯಿಯ ಜೊತೆ ಜಗಳ ಆಡುವವರು ಇಷ್ಟು ತಿಳಿದರೆ ಅರ್ಧಕ್ಕರ್ಧ ಸಿಟ್ಟು ಇಳಿಯುತ್ತದೆ.

ನಮ್ಮಲ್ಲಿ ಎರಡನೇ ಸಾವು ಅಜ್ಜಿಯದು. ಅಪ್ಪ ಹೋದ ಒಂದೂವರೆ ವರ್ಷಕ್ಕೆ. ಅವರ ಐದನೇ ಒಂದು ಪಾಲಿನಲ್ಲಿ ಅರ್ಧ ಅವರ ಮಗಳಿಗೆ, ಅಂದರೆ ನಮ್ಮತ್ತೆಗೆ. ಇನ್ನರ್ಧ ಮೊದಲೇ ಹೋದ ಮಗನ ಮಕ್ಕಳಾದ ನಮಗೆ ಮೂವರಿಗೆ. ಸೊಸೆ ಚಿಕ್ಕಮ್ಮನಿಗೆ ಅದರಲ್ಲಿ ಏನೂ ಇಲ್ಲ. ಮನೆಯನ್ನು ಮೂವತ್ತು ಭಾಗ ಮಾಡಿದೆ: ಚಿಕ್ಕಮ್ಮನದು ಆರು, ನಾವು ಮೂವರಿಗೆ ಏಳೇಳು, ಅತ್ತೆಗೆ ಮೂರು. ಈ ಹಾಳೆಯನ್ನು ನಡುಮನೆಯಲ್ಲಿ ಎಲ್ಲರ ಎದುರು ಹರಡಿದೆ. ಚಿಕ್ಕೋನು ಮೊಬೈಲಿನಲ್ಲಿ ಕೂಡಿ ನೋಡಿ "ಮೂವತ್ತು ಬಂತು ಅಕ್ಕ" ಅಂದ. ಎಷ್ಟೋ ತಿಂಗಳ ಮೇಲೆ ಅವನು ನನ್ನನ್ನು ಅಕ್ಕ ಅಂದಿದ್ದು ಅವತ್ತೇ.

ಆಮೇಲೆ ನಾನೇ ಕೇಳಿದೆ. "ಚಿಕ್ಕಮ್ಮ, ನಿಮಗೆ ಭಯ ಯಾವುದರದ್ದು?" ಅವರು ಹೇಳಿದ್ದು ಎರಡೇ. ವಯಸ್ಸಾದ ಮೇಲೆ ಈ ಮನೆಯಿಂದ ಎಬ್ಬಿಸಬಾರದು. ಔಷಧಿಗೆ ಯಾರ ಮುಂದೂ ಕೈ ಚಾಚಬಾರದು. ಮನೆಯ ಮಾಲೀಕತ್ವ ಅವರಿಗೆ ಬೇಕಾಗಿರಲಿಲ್ಲ. ನಮಗೆ ಬೇಕಾಗಿದ್ದು ಅದೇ.

ಒಪ್ಪಂದದಲ್ಲಿ ಏನು ಬರೆಸಬೇಕು

ನಾವು ಹೀಗೆ ಮಾಡಿಕೊಂಡೆವು. ಎಫ್‌ಡಿ ಪೂರ್ತಿ ಚಿಕ್ಕಮ್ಮನಿಗೆ. ಮನೆಯಲ್ಲಿ ತಮ್ಮ ಆರು ಭಾಗವನ್ನು ಅವರು ನಮಗೆ ಮೂವರಿಗೂ ಬಿಟ್ಟುಕೊಟ್ಟರು, ಬದಲಿಗೆ ಬದುಕಿರುವವರೆಗೂ ಇಡೀ ಮನೆಯಲ್ಲಿ ವಾಸದ ಹಕ್ಕು. ಅತ್ತೆ "ಒಂದು ಸೀರೆ ಕೊಡಿಸ್ರೋ ಸಾಕು" ಅಂತ ತಮ್ಮ ಮೂರು ಭಾಗ ಬಿಟ್ಟರು. ಸೀರೆ ಕೊಡಿಸಿದೆವು, ಹಕ್ಕು ಬಿಡುಗಡೆಯನ್ನೂ ನೋಂದಣಿ ಮಾಡಿಸಿದೆವು. ಬಾಯಿಮಾತಲ್ಲಿ ಬಿಟ್ಟ ಪಾಲು ಬಿಟ್ಟ ಹಾಗಲ್ಲ, ಮುಂದೆ ಅವರ ಮಕ್ಕಳು ಕೇಳಿದರೆ ಕೊಡಬೇಕಾಗುತ್ತದೆ.

ಬರೀ "ವಾಸದ ಹಕ್ಕು" ಅಂತ ಒಂದು ಸಾಲು ಬರೆದು ಬಿಡಬೇಡಿ. ಅವರು ಆಸ್ಪತ್ರೆಗೋ ತವರಿಗೋ ಹೋಗಿ ಆರು ತಿಂಗಳು ಮನೆ ಖಾಲಿ ಇದ್ದರೆ ಹಕ್ಕು ಉಳಿಯುತ್ತದಾ? ಬಾಡಿಗೆಗೆ ಕೊಟ್ಟರೆ ದುಡ್ಡು ಯಾರಿಗೆ? ತೆರಿಗೆ ಯಾರು, ಸೋರುವ ಚಾವಣಿ ಯಾರು? ಮಕ್ಕಳು ಮಾರಿದರೆ ಕೊಂಡವರು ಈ ಹಕ್ಕಿಗೆ ಒಪ್ಪಬೇಕಲ್ವಾ? ನಮ್ಮ ಪತ್ರದಲ್ಲಿ ಇವೆಲ್ಲ ಇದೆ. ಚಾವಣಿ ನಮ್ಮದು, ಸುಣ್ಣ ಬಣ್ಣ ಅವರದು. ನಗು ಬಂದರೂ ಬರೆಸಿದೆವು.

ಪತ್ರವೇ ಹಕ್ಕು ಹುಟ್ಟಿಸುತ್ತದೆ ಅಂದರೆ ನೋಂದಣಿ ಆಗಲೇಬೇಕು. ಮೊದಲೇ ಬಾಯಿಮಾತಲ್ಲಿ ಪಾಲಾಗಿ, ಅದನ್ನು ನೆನಪಿಗೆ ಬರೆದಿಟ್ಟ ಪಾಲುಪಟ್ಟಿಗೆ ಆ ಕಡ್ಡಾಯ ಇಲ್ಲ. ಆದರೆ ಮಲಸಂಬಂಧದಲ್ಲಿ ಆ ಸಂದಿಗೆ ಹೋಗಬೇಡಿ, ನೋಂದಣಿ ಮಾಡಿಸಿ. ಎರಡೂ ಕಡೆಗೆ ಬೇರೆ ಬೇರೆ ವಕೀಲರು ಓದಲಿ. ಹೆಂಗಸರಿಗೆ ವರಮಾನ ಎಷ್ಟಿದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ, ತಾಲ್ಲೂಕು ಕೋರ್ಟಿನಲ್ಲೇ ಕೇಳಬಹುದು. ಚಿಕ್ಕಮ್ಮನಿಗೆ ವಕೀಲರು ಸಿಕ್ಕಿದ್ದು ಅಲ್ಲೇ. ಅವರು ಒಂದು ಸಾಲು ತಿದ್ದಿದರು, ಒಳ್ಳೆಯದೇ ಆಯಿತು.

ಕೂಡಿ ಬರದಿದ್ದರೆ

ಆಗ ವಿಭಾಗದ ದಾವೆ. ಎಲ್ಲ ವಾರಸುದಾರರನ್ನೂ ಎಲ್ಲ ಆಸ್ತಿಯನ್ನೂ ಸೇರಿಸಿ ಹಾಕಬೇಕು, ಒಂದು ಬಿಟ್ಟರೆ ಎದುರಿನವರಿಗೆ ಅದೇ ಅಸ್ತ್ರ. ಮೊದಲ ದಿನವೇ, ಮಾರದಂತೆ ತಾತ್ಕಾಲಿಕ ತಡೆಯಾಜ್ಞೆ ಕೇಳಿ. ಪ್ರಾಥಮಿಕ ಡಿಕ್ರಿಯಲ್ಲಿ ಯಾರಿಗೆಷ್ಟು ಅನ್ನುವುದು ಬರುತ್ತದೆ, ಯಾವ ಗೋಡೆ ಯಾರದು ಅನ್ನುವುದು ಅಂತಿಮ ಡಿಕ್ರಿಯಲ್ಲಿ. ಪಾಲುದಾರರೊಬ್ಬರು ಹೊರಗಿನವರಿಗೆ ಮಾರಲು ಹೊರಟರೆ, ಮೊದಲು ಕೊಳ್ಳುವ ಹಕ್ಕು ಉಳಿದ ವಾರಸುದಾರರಿಗೆ ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಸೆಕ್ಷನ್, ಕೃಷಿ ಜಮೀನಿಗೂ ಅನ್ವಯ.

ಮಕ್ಕಳ ಕಡೆಯವರು ಇನ್ನೊಂದು ತಿಳಿದಿರಲಿ. 2007ರ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಕಾಯ್ದೆಯಲ್ಲಿ ತಾಯಿ ಅಂದರೆ ಮಲತಾಯಿಯೂ ಸೇರಿ. ಜೀವನಾಂಶಕ್ಕೆ ಅವರು ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು. ಮಕ್ಕಳಿಲ್ಲದ ಮಲತಾಯಿಯನ್ನು ಸಾಕುವ ಹೊಣೆಯನ್ನು 1956ರ ಜೀವನಾಂಶ ಕಾಯ್ದೆ ಕೂಡ ಹೇಳಿದೆ. ಪಾಲು ತಪ್ಪಿಸಿ ಗೆದ್ದೆವು ಅಂದುಕೊಂಡವರಿಗೆ ಈ ನೋಟಿಸು ಬರುವುದುಂಟು.

ಪತ್ರ ನೋಂದಣಿ ಆದ ಮೇಲೆ ಕೆಲಸ ಮುಗಿಯಿತು ಅಂತ ಕೂರಬೇಡಿ, ಖಾತೆ ಬದಲಾವಣೆಗೆ ಅದೇ ವಾರ ಅರ್ಜಿ ಕೊಡಿ. ನಮ್ಮದು ಮೂವರ ಹೆಸರಿಗೆ ಜಂಟಿ ಖಾತೆ ಆಗಿದೆ. ದೃಢೀಕೃತ ನಕಲು ನಾಲ್ಕು ತಗೊಂಡು ಒಬ್ಬೊಬ್ಬರಿಗೆ ಒಂದು ಕೊಟ್ಟೆ. ಚಿಕ್ಕಮ್ಮ ತಮ್ಮದನ್ನು ಬೀರುವಿನಲ್ಲಿ, ಅಪ್ಪನ ಕೋಟಿನ ಕೆಳಗೆ ಇಟ್ಟುಕೊಂಡಿದ್ದಾರೆ. ಹೋದ ಮಳೆಗಾಲದಲ್ಲಿ ಚಾವಣಿ ಸೋರಿತು. ಅವರು ಫೋನ್ ಮಾಡಿ ಮೊದಲು ಹೇಳಿದ್ದು ಪತ್ರದ ಕಲಂ ನಂಬರು.